ಪಿಟಿಪಿ ಲಾಕ್ ತಪ್ಪುವುದೇಕೆ? ಓದುಗರ ಪ್ರಶ್ನೆ, ನಮ್ಮ ಉತ್ತರ

ಪಿಟಿಪಿ ಎಂದರೆ ಸಾಧನಗಳ ಗಡಿಯಾರಗಳನ್ನು ನೆಟ್‌ವರ್ಕ್ ಮೂಲಕ ಒಂದೇ ಸಮಯಕ್ಕೆ ಹೊಂದಿಸುವ ವಿಧಾನ. ಸಮಯ ಕೊಡುವ ಮುಖ್ಯ ಗಡಿಯಾರ ಗ್ರ್ಯಾಂಡ್‌ಮಾಸ್ಟರ್; ಸಾಧನ ಅದಕ್ಕೆ ಹೊಂದಿಕೊಂಡರೆ ಲಾಕ್.

ಪ್ರಶ್ನೆ: ನಮ್ಮದು ಎಸ್‌ಟಿ 2110 (ವಿಡಿಯೋ, ಆಡಿಯೋವನ್ನು ಐಪಿ ನೆಟ್‌ವರ್ಕ್‌ನಲ್ಲಿ ಸಾಗಿಸುವ ಮಾನದಂಡ) ಸ್ಟುಡಿಯೋ. ಎಇಎಸ್67 (ನೆಟ್‌ವರ್ಕ್ ಆಡಿಯೋ ಮಾನದಂಡ) ಆಡಿಯೋ ಮಿಕ್ಸರ್ ಬಂದ ಮೇಲೆ ಗ್ರ್ಯಾಂಡ್‌ಮಾಸ್ಟರನ್ನು ಎಇಎಸ್67 ಪ್ರೊಫೈಲ್‌ಗೆ (ಪಿಟಿಪಿ ಸೆಟ್ಟಿಂಗ್‌ಗಳ ಗುಚ್ಛ) ಬದಲಿಸಿ, ಎಲ್ಲ ಸಾಧನಗಳಿಗೂ ಡೊಮೇನ್ (ಪಿಟಿಪಿ ಗುಂಪಿನ ಸಂಖ್ಯೆ) 0 ಕೊಟ್ಟೆವು. ಮಿಕ್ಸರ್ ಲಾಕ್ ಆಯಿತು, ಕ್ಯಾಮೆರಾಗಳು ಲಾಕ್ ಆಗಿ ಆಗಿ ಬಿಡುತ್ತಿವೆ.

ಉತ್ತರ: ಡೊಮೇನ್ ಹೊಂದಿಸಿದಿರಿ, ಅನೌನ್ಸ್ (ಗ್ರ್ಯಾಂಡ್‌ಮಾಸ್ಟರ್ ತಾನಿದ್ದೇನೆಂದು ಸಾರುವ ಸಂದೇಶ) ಅಂತರವನ್ನು ಹೊಂದಿಸಲಿಲ್ಲ. ಮೆನುವಿನಲ್ಲಿ ಕಾಣುವ ಅಂಕಿ ಸೆಕೆಂಡ್ ಅಲ್ಲ, ಎರಡರ ಮೇಲಿನ ಘಾತಾಂಕ. ಎಸ್‌ಟಿ 2110 ಸ್ಟುಡಿಯೋಗಳ ಪ್ರೊಫೈಲ್ ಆದ ಎಸ್‌ಟಿ 2059-2ರ ಡೀಫಾಲ್ಟ್ ಮೈನಸ್ 2, ಅಂದರೆ ಕಾಲು ಸೆಕೆಂಡಿಗೊಂದು ಅನೌನ್ಸ್. ಎಇಎಸ್67ರ ಡೀಫಾಲ್ಟ್ 1, ಅಂದರೆ ಎರಡು ಸೆಕೆಂಡಿಗೊಂದು. ನಿಮ್ಮ ಕ್ಯಾಮೆರಾಗಳು ಹಳೆಯ ಲೆಕ್ಕದಲ್ಲೇ ಇವೆ: ಟೈಮ್‌ಔಟ್ 3 (ಮೂರು ಅನೌನ್ಸ್ ಅಂತರ) ಎಂದಿದ್ದರೆ ಮುಕ್ಕಾಲು ಸೆಕೆಂಡ್ ಕಾದು, ಗ್ರ್ಯಾಂಡ್‌ಮಾಸ್ಟರ್ ಹೋಯಿತೆಂದು ತೀರ್ಮಾನಿಸುತ್ತವೆ. ಮುಂದಿನ ಅನೌನ್ಸ್ ಬರುವುದು ಅದಾದ ಮೇಲೆ. ಕೆಲವು ಸಾಧನಗಳು ಇಂಥ ಗ್ರ್ಯಾಂಡ್‌ಮಾಸ್ಟರನ್ನು ಆರಿಸಿಕೊಳ್ಳುವುದೇ ಇಲ್ಲ.

ಎರಡೂ ಪ್ರೊಫೈಲ್‌ಗಳ ಮಿತಿಯೊಳಗೆ ಬರುವ ಬೆಲೆ 0, ಸೆಕೆಂಡಿಗೊಂದು. ಗ್ರ್ಯಾಂಡ್‌ಮಾಸ್ಟರ್, ಕ್ಯಾಮೆರಾ, ಮಿಕ್ಸರ್, ಬೌಂಡರಿ ಕ್ಲಾಕ್ ಆಗಿರುವ (ಸಮಯವನ್ನು ತಾನು ಪಡೆದು ಮುಂದಕ್ಕೆ ಕೊಡುವ) ಸ್ವಿಚ್‌ನ ಪ್ರತಿ ಪೋರ್ಟ್ ಎಲ್ಲಕ್ಕೂ ಅನೌನ್ಸ್ 0, ಟೈಮ್‌ಔಟ್ 3 ಕೊಡಿ. ಸ್ವಿಚ್ ಪೋರ್ಟನ್ನು ಮರೆಯುವವರೇ ಹೆಚ್ಚು. ಸಮಯ ತಿಳಿಸುವ ಸಿಂಕ್ ಸಂದೇಶದ ಅಂತರ ಎರಡು ಪ್ರೊಫೈಲ್‌ಗಳಲ್ಲೂ ಮೈನಸ್ 3, ಸೆಕೆಂಡಿಗೆ ಎಂಟು, ಅದನ್ನು ಮುಟ್ಟಬೇಡಿ.

ಪ್ರಶ್ನೆ: ಹೊಸ ಸ್ವಿಚ್ ಹಾಕಿದೆವು. ಲಾಕ್ ಆಗುತ್ತದೆ, ನಾಲ್ಕೈದು ನಿಮಿಷದಲ್ಲಿ ಹೋಗುತ್ತದೆ. ರೀಬೂಟ್ ಮಾಡಿದರೆ ಮತ್ತೆ ಅದೇ ಕಥೆ.

ಉತ್ತರ: ಆ ನಾಲ್ಕೈದು ನಿಮಿಷದಲ್ಲೇ ಉತ್ತರವಿದೆ. ಐಜಿಎಂಪಿ ಸ್ನೂಪಿಂಗ್ (ಯಾವ ಪೋರ್ಟಿಗೆ ಯಾವ ಮಲ್ಟಿಕಾಸ್ಟ್ ಗುಂಪು ಬೇಕೆಂದು ಸ್ವಿಚ್ ಗಮನಿಸುವುದು) ಆನ್ ಇದೆ, ಯಾರಿಗೆ ಏನು ಬೇಕೆಂದು ಆಗಾಗ ಕೇಳುವ ಕ್ವೆರಿಯರ್ ಇಲ್ಲ. ಸಾಧನ ಆನ್ ಆದಾಗ ಪಿಟಿಪಿಯ 224.0.1.129 ಗುಂಪಿಗೆ ಒಮ್ಮೆ ಸೇರುತ್ತದೆ. ಆಮೇಲೆ ಯಾರೂ ಕೇಳದ ಕಾರಣ ಅದು ಮತ್ತೆ ಹೇಳುವುದಿಲ್ಲ. ಸಾಮಾನ್ಯ ಡೀಫಾಲ್ಟ್‌ನಂತೆ 260 ಸೆಕೆಂಡ್ ಕಳೆದ ಮೇಲೆ ಸ್ವಿಚ್ ಆ ಪೋರ್ಟನ್ನು ಪಟ್ಟಿಯಿಂದ ತೆಗೆಯುತ್ತದೆ. ಪ್ರತಿ ವಿಲ್ಯಾನ್‌ಗೂ (ನೆಟ್‌ವರ್ಕಿನೊಳಗಿನ ಪ್ರತ್ಯೇಕ ವಿಭಾಗ) ಒಂದು ಕ್ವೆರಿಯರ್ ಎನೇಬಲ್ ಮಾಡಿ. ಸ್ನೂಪಿಂಗನ್ನೇ ಆಫ್ ಮಾಡುವ ಸಲಹೆ ಕೇಳಿಬಂದರೆ ಒಪ್ಪಬೇಡಿ: 1080ಪಿ50 ವಿಡಿಯೋದ ಒಂದೇ ಹರಿವು ಸೆಕೆಂಡಿಗೆ 2 ಗಿಗಾಬಿಟ್ ದಾಟುತ್ತದೆ, ಅದು ಎಲ್ಲ ಪೋರ್ಟ್‌ಗಳಿಗೂ ನುಗ್ಗುತ್ತದೆ.

ಪ್ರಶ್ನೆ: ಎರಡು ಗ್ರ್ಯಾಂಡ್‌ಮಾಸ್ಟರ್‌ಗಳಿವೆ. ಮುಖ್ಯದ್ದರ ಜಿಪಿಎಸ್ ಆಂಟೆನಾ ಕೇಬಲ್ ಕಿತ್ತರೂ ಎರಡನೆಯದು ಅಧಿಕಾರ ವಹಿಸಿಕೊಳ್ಳುವುದಿಲ್ಲ.

ಉತ್ತರ: ಪ್ರಯಾರಿಟಿ 1ರಲ್ಲಿ ಮುಖ್ಯದ್ದಕ್ಕೆ ಚಿಕ್ಕ ಅಂಕಿ ಕೊಟ್ಟಿರುತ್ತೀರಿ; ಚಿಕ್ಕದೇ ಗೆಲ್ಲುತ್ತದೆ. ಆಯ್ಕೆಯಲ್ಲಿ ಮೊದಲು ನೋಡುವುದು ಪ್ರಯಾರಿಟಿ 1, ನಂತರ ಕ್ಲಾಕ್ ಕ್ಲಾಸ್ (ಗಡಿಯಾರದ ದರ್ಜೆ), ನಿಖರತೆ, ವೇರಿಯನ್ಸ್ (ಸಮಯದ ಏರಿಳಿತ), ಆಮೇಲಷ್ಟೇ ಪ್ರಯಾರಿಟಿ 2. ಜಿಪಿಎಸ್ ಹೋದಾಗ ಕ್ಲಾಸ್ 6ರಿಂದ 7ಕ್ಕೆ ಇಳಿಯುತ್ತದೆ ನಿಜ, ಆದರೆ ಪ್ರಯಾರಿಟಿ 1ರಲ್ಲೇ ಗೆದ್ದವನ ಕ್ಲಾಸನ್ನು ಯಾರೂ ನೋಡುವುದಿಲ್ಲ. ಎರಡಕ್ಕೂ ಪ್ರಯಾರಿಟಿ 1 ಸಮನಾಗಿರಲಿ, ವ್ಯತ್ಯಾಸ ಪ್ರಯಾರಿಟಿ 2ರಲ್ಲಿ ಮಾತ್ರ ಇರಲಿ. ಕ್ಯಾಮೆರಾ, ಮಿಕ್ಸರ್‌ಗಳನ್ನು ಸ್ಲೇವ್-ಓನ್ಲಿ (ಸಮಯ ಪಡೆಯುವುದಷ್ಟೇ, ಕೊಡುವುದಿಲ್ಲ) ಮಾಡಿಬಿಡಿ. ಇಲ್ಲದಿದ್ದರೆ ಎರಡೂ ಗ್ರ್ಯಾಂಡ್‌ಮಾಸ್ಟರ್ ಆಫ್ ಆದ ದಿನ ಯಾವುದೋ ಕ್ಯಾಮೆರಾ ತಾನೇ ಯಜಮಾನನಾಗುತ್ತದೆ. ಬೇರೆ ಬೇರೆ ಮಾಡೆಲ್‌ನ ಗ್ರ್ಯಾಂಡ್‌ಮಾಸ್ಟರ್‌ಗಳಾದರೆ ಅವು ಘೋಷಿಸುವ ನಿಖರತೆ, ವೇರಿಯನ್ಸ್‌ಗಳನ್ನೂ ಹೋಲಿಸಿ; ನಿಮ್ಮ ಪ್ರಯಾರಿಟಿ 2ರ ಸರದಿ ಬರುವ ಮೊದಲೇ ಅವು ನಿರ್ಧರಿಸಿಬಿಡಬಹುದು.

ಪ್ರಶ್ನೆ: ಟೈಮ್‌ಕೋಡ್ (ವಿಡಿಯೋ ಫ್ರೇಮ್‌ಗಳ ಸಮಯದ ಗುರುತು) ಗೋಡೆಯ ಗಡಿಯಾರಕ್ಕಿಂತ 37 ಸೆಕೆಂಡ್ ಮುಂದಿದೆ.

ಉತ್ತರ: ಪಿಟಿಪಿ ಸಾಗುವುದು ಟಿಎಐ (ಅಂತರರಾಷ್ಟ್ರೀಯ ಪರಮಾಣು ಕಾಲ) ಕಾಲದಲ್ಲಿ. 2017ರ ಜನವರಿ 1ರಿಂದ ಅದು ಯುಟಿಸಿಗಿಂತ (ನಮ್ಮ ಗಡಿಯಾರಗಳ ಆಧಾರ ಕಾಲ) 37 ಸೆಕೆಂಡ್ ಮುಂದಿದೆ. ಗ್ರ್ಯಾಂಡ್‌ಮಾಸ್ಟರ್ ಕಳಿಸುವ ಸಿಂಕ್ ಮೆಟಾಡೇಟಾದಲ್ಲಿ ಸ್ಥಳೀಯ ಆಫ್‌ಸೆಟ್ ಎಂಬ ಅಂಕಿಯಿದೆ. ಅದನ್ನು ಲೆಕ್ಕ ಹಾಕುವುದು ಪಿಟಿಪಿ ಕಾಲದಿಂದಲೇ. ಐದೂವರೆ ಗಂಟೆ ಎಂದರೆ 19800 ಸೆಕೆಂಡ್, ಅದರಲ್ಲಿ 37 ಕಳೆದು ಭಾರತಕ್ಕೆ 19763 ಇರಬೇಕು. 19800 ಎಂದೇ ತುಂಬಿದ್ದರೆ ನಿಮ್ಮ ತೊಂದರೆ ಅದೇ. ಕೆಲವು ಗ್ರ್ಯಾಂಡ್‌ಮಾಸ್ಟರ್‌ಗಳು +5:30 ಎಂದು ಮಾತ್ರ ಕೇಳಿ ಉಳಿದದ್ದನ್ನು ತಾವೇ ಕಳೆಯುತ್ತವೆ. ಅಲ್ಲಿ 37ನ್ನು ಮತ್ತೊಮ್ಮೆ ಕಳೆಯಬೇಡಿ.