ಗೀಸರ್ ಪಾಯಿಂಟಿಗೆ 1.5 ವೈರ್ ಸಾಕಾಗುತ್ತಾ?

ಹೊಸ ಮನೆಯಲ್ಲಿ ಗೀಸರ್, ಅಡುಗೆಮನೆ ಸೇರಿ ಎಲ್ಲ ಪ್ಲಗ್‌ಗೂ 1.5 ಚದರ ಮಿ.ಮೀ. ವೈರೇ ಸಾಕು ಅಂತ ಎಲೆಕ್ಟ್ರಿಷಿಯನ್ ಹೇಳ್ತಿದ್ದಾರೆ, ಒಪ್ಪಬಹುದಾ ಅಂತ ಕೇಳಿದ್ದೀರಿ. ಒಪ್ಪಬೇಡಿ. ಇಪ್ಪತ್ತು ವರ್ಷದಿಂದ ದಾವಣಗೆರೆ ಸುತ್ತಮುತ್ತ ವೈರಿಂಗ್ ಮಾಡ್ತಿದ್ದೀನಿ, ತಾಮ್ರದ ರೇಟು ಏರಿದಾಗಲೆಲ್ಲ ಈ ಮಾತು ಕೇಳಿ ಬರುತ್ತೆ.

ಲೈಟು, ಫ್ಯಾನು, ಮೊಬೈಲ್ ಚಾರ್ಜಿಂಗಿನ 6 ಆಂಪಿಯರ್ ಪ್ಲಗ್ಗಿಗೆ 1.5 ಧಾರಾಳ. ದಪ್ಪ ಪಿನ್ನಿನ 16 ಆಂಪಿಯರ್ ಪವರ್ ಪ್ಲಗ್ಗಿಗೆ 2.5ಕ್ಕಿಂತ ಕೆಳಗಿಳಿಯಬೇಡಿ. ಗೀಸರಿಗೂ ಎಸಿಗೂ ನಾನು 4 ಎಳೀತೀನಿ, ಒಂದೊಂದಕ್ಕೂ ಡಿಬಿಯಿಂದಲೇ (ಮನೆಯ ಎಲ್ಲ ಲೈನ್ ಕವಲೊಡೆಯೋ ಮುಖ್ಯ ಪೆಟ್ಟಿಗೆ) ಬೇರೆ ಲೈನ್.

ಯಾಕೆ ಅಂದ್ರೆ, 3000 ವ್ಯಾಟಿನ ಗೀಸರ್ 230 ವೋಲ್ಟಿನಲ್ಲಿ ಸುಮಾರು 13 ಆಂಪಿಯರ್ ಎಳೆಯುತ್ತೆ. ಡಿಬಿಯಿಂದ ಬಚ್ಚಲಿಗೆ 20 ಮೀಟರ್ ಅಂದ್ರೂ ಫೇಸು, ನ್ಯೂಟ್ರಲ್ ಸೇರಿ 40 ಮೀಟರ್ ತಾಮ್ರ. 1.5 ಹಾಕಿದ್ರೆ ಅದರಲ್ಲೇ ಹೆಚ್ಚುಕಮ್ಮಿ 80 ವ್ಯಾಟ್ ಶಾಖ ಹುಟ್ಟುತ್ತೆ. 2.5ರಲ್ಲಿ 50, 4ರಲ್ಲಿ 30. ಒಂದೇ ಪೈಪಿನಲ್ಲಿ ಇನ್ನೂ ನಾಲ್ಕು ವೈರ್ ತುರುಕಿದ್ರೆ ಆ ಬಿಸಿ ಹೊರಗೆ ಹೋಗೋಕೂ ದಾರಿ ಇರಲ್ಲ.

ಅಡುಗೆಮನೆಯಲ್ಲಿ ಮಿಕ್ಸಿ ಪಾಪದ್ದು. ಇಂಡಕ್ಷನ್ ಒಲೆ 2000 ವ್ಯಾಟ್, ನೀರು ಕಾಯಿಸೋ ಕೆಟಲ್ 1500, ಮೇಲೆ ಓವನ್. ಮೂರನ್ನೂ ಒಂದೇ ಲೈನಿಗೆ ಲೂಪ್ ಮಾಡಿದ್ರೆ 20 ಆಂಪಿಯರ್ ಹತ್ತಿರ ಹೋಗುತ್ತೆ. ಅಲ್ಲಿಗೆ 2.5ರದ್ದೇ ಎರಡು ಲೈನ್ ಕೇಳಿ.

ವೈರಿಗಿಂತ ಜಾಸ್ತಿ ಜನ ಎಡವೋದು ಎಂಸಿಬಿಯಲ್ಲಿ, ಅಂದ್ರೆ ಕರೆಂಟ್ ಮಿತಿ ಮೀರಿದ್ರೆ ತಾನೇ ಬೀಳೋ ಸ್ವಿಚ್ಚಿನಲ್ಲಿ. ನಾನು 1.5ಕ್ಕೆ 10 ಆಂಪಿಯರ್, 2.5ಕ್ಕೆ 16, 4ಕ್ಕೆ 20 ಹಾಕ್ತೀನಿ. ಒಂದು ಮನೆಯಲ್ಲಿ ಪದೇ ಪದೇ ಟ್ರಿಪ್ ಆಗುತ್ತೆ ಅಂತ ಯಾರೋ 16 ತೆಗೆದು 32 ಕೂರಿಸಿದ್ರು. ಟ್ರಿಪ್ ಆಗೋದು ನಿಂತಿತು, ಮನೆಯವರಿಗೆ ಖುಷಿ. ಕೆಲವು ತಿಂಗಳಾದ ಮೇಲೆ ಸುಟ್ಟ ವಾಸನೆ ಅಂತ ನನ್ನ ಕರೆಸಿದ್ರು. ಬೋರ್ಡ್ ಬಿಚ್ಚಿದ್ರೆ ವೈರಿನ ಸಿಪ್ಪೆ ಹಪ್ಪಳದ ಹಾಗೆ ಮುರೀತಿತ್ತು. ಎಂಸಿಬಿ ಇರೋದೇ ವೈರ್ ಕಾಯೋಕೆ. ಅದು ಬೀಳ್ತಿದ್ರೆ ಲೋಡ್ ನೋಡಬೇಕು, ನಂಬರ್ ಏರಿಸಬಾರದು.

ಅರ್ತ್ ವೈರನ್ನೂ ಫೇಸಿನಷ್ಟೇ ದಪ್ಪ ಹಾಕಿಸಿ, ಉಳಿಸೋರು ಮೊದಲು ಕೈ ಹಾಕೋದು ಅದಕ್ಕೇ. ಕರೆಂಟ್ ಸೋರಿದ್ರೆ ತಕ್ಷಣ ಲೈನ್ ಕಡಿಯೋ 30 ಮಿಲಿಆಂಪಿಯರ್ ಆರ್‌ಸಿಸಿಬಿ ಒಂದಿರಲಿ. ವೈರ್ ಕಾಯಿಲ್ ಮೇಲೆ ಐಎಸ್‌ಐ ಗುರುತು ನೋಡಿ ತಗೊಳ್ಳಿ.

ಪ್ಲಾಸ್ಟರ್ ಮುಂಚೆ ಪೈಪ್ ಹೋದ ದಾರಿಯ ಫೋಟೊ ತೆಗೆದಿಟ್ಕೊಳ್ಳಿ, ಆಮೇಲೆ ದೇವರ ಪಟಕ್ಕೆ ಮೊಳೆ ಹೊಡೆಯುವಾಗ ಬೇಕಾಗುತ್ತೆ.