ಒಂದು ಪ್ರಶ್ನಾರ್ಥಕ ಚಿಹ್ನೆ, ಅಪ್ಪಯ್ಯನ ಮಳೆ ಡೈರಿ

ಆಪ್ತಸಮಾಲೋಚನೆಗೆಂದು ನನ್ನ ಬಳಿ ಬಂದವಳನ್ನು ಚೈತ್ರಾ ಎಂದು ಕರೆಯೋಣ. ಹೆಸರನ್ನೂ ಗುರುತು ಸಿಗುವಂಥ ಒಂದೆರಡು ವಿವರಗಳನ್ನೂ ಬದಲಿಸಿದ್ದೇನೆ. ಮೊದಲ ದಿನ ಫಾರ್ಮಿನಲ್ಲಿ ‘ನಿದ್ದೆ ಬರುತ್ತಿಲ್ಲ’ ಎಂದಷ್ಟೇ ಬರೆದಿದ್ದಳು. ವಯಸ್ಸು 28. ಮುಂಗಾರಿನ ಅತಿವೃಷ್ಟಿಯ ಮೇಲೆ ಪಿಎಚ್‌ಡಿ ಮುಗಿಸಿ ಅದೇ ಪ್ರೊಫೆಸರ್ ಕೈಕೆಳಗೆ ಮುಂದಿನ ಸಂಶೋಧನೆಗೆಂದು ಪೋಸ್ಟ್‌ಡಾಕ್ ಮಾಡುತ್ತಿದ್ದಾಳೆ. ಮಾತಾಡುವಷ್ಟು ಹೊತ್ತೂ ನೀರಿನ ಬಾಟಲಿಯ ಲೇಬಲ್ಲನ್ನು ಉಗುರಿನಿಂದ ಕೀಳುತ್ತಿದ್ದಳು. ಫೋನನ್ನು ಬೋರಲು ಹಾಕಿಟ್ಟಿದ್ದಳು.

2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಿತ್ತಲ್ಲ, ಆ ವಾರ ಒಬ್ಬ ವರದಿಗಾರರು ಫೋನ್ ಮಾಡಿ, “ಇದು ಹವಾಮಾನ ಬದಲಾವಣೆಯಿಂದಲೇ ಆಗಿದ್ದಾ?” ಎಂದು ಕೇಳಿದರಂತೆ. ಇವಳು, “ಒಂದೇ ಘಟನೆ ನೋಡಿ ಹಾಗೆ ಹೇಳಲಿಕ್ಕೆ ಬರುವುದಿಲ್ಲ, ಪ್ರತ್ಯೇಕ ಅಧ್ಯಯನ ಬೇಕು, ರಸ್ತೆಗೆಂದು ಗುಡ್ಡ ಕಡಿದದ್ದನ್ನೂ ನೋಡಬೇಕು” ಎಂದಳು. ಮರುದಿನದ ತಲೆಬರಹ: ಹವಾಮಾನ ಬದಲಾವಣೆ ಕಾರಣವಲ್ಲ.

ಜಾಲತಾಣಗಳಲ್ಲಿ ಬೈದವರು ಬೈದರು. ಅದಕ್ಕಿಂತ ಹೆಚ್ಚು ನೋವು ಕೊಟ್ಟದ್ದು ಹೊಗಳಿದವರು. ‘ಹವಾಮಾನ ಬದಲಾವಣೆ ಅನ್ನೋದೇ ಬೊಗಳೆ ಅಂತ ಒಬ್ಬ ವಿಜ್ಞಾನಿಯಾದರೂ ಧೈರ್ಯವಾಗಿ ಹೇಳಿದರಲ್ಲ’ ಎಂಬ ಶಾಬಾಷ್‌ಗಿರಿ. ಪ್ರೊಫೆಸರು ಆ ಕಟಿಂಗನ್ನು ಲ್ಯಾಬಿನ ವಾಟ್ಸ್ಆ್ಯಪ್ ಗುಂಪಿಗೆ ಹಾಕಿ ಕೆಳಗೆ ಒಂದೇ ಒಂದು ಪ್ರಶ್ನಾರ್ಥಕ ಚಿಹ್ನೆ ಇಟ್ಟರು. ಅವತ್ತಿನಿಂದ ನಿದ್ದೆ ಹೋಯಿತು. ಒಪ್ಪಿಕೊಂಡಿದ್ದ ಶಾಲಾ ಉಪನ್ಯಾಸ ರದ್ದು. ಗೊತ್ತಿಲ್ಲದ ನಂಬರಿನ ಕರೆ ಬಂದರೆ ಅಂಗೈ ಬೆವರುತ್ತದೆ.

ಮೊದಲ ಭೇಟಿಯಲ್ಲಿ ನಾನೇ ಎಡವಿದೆ. “ಸರಳವಾಗಿ ಹೇಳುವುದನ್ನು ರೂಢಿ ಮಾಡಿಕೊಳ್ಳೋಣ” ಎಂದುಬಿಟ್ಟೆ. ಅವಳ ಮುಖ ಸಣ್ಣದಾಯಿತು. “ಸರಳ ಮಾಡಲಿಕ್ಕೆ ಹೋಗಿಯೇ ಹೀಗಾಯ್ತು ಮೇಡಂ.” ವಿಜ್ಞಾನ ಓದಿದವರಿಗೆ ಎಲ್ಲರೂ ಕೊಡುವ ಬಿಟ್ಟಿ ಸಲಹೆ ಅದು, ನಾನೂ ಕೊಟ್ಟೆ. ನನಗೋ ಆಗ ಓಝೋನ್ ಪದರದ ತೂತಿಗೂ ಭೂಮಿ ಬಿಸಿಯಾಗುವುದಕ್ಕೂ ಇರುವ ವ್ಯತ್ಯಾಸವೇ ಸರಿಯಾಗಿ ಗೊತ್ತಿರಲಿಲ್ಲ.

ಎರಡನೇ ಸಲ ಬೇರೆ ಪ್ರಶ್ನೆ ಕೇಳಿದೆ. “ಫೋನಿನಲ್ಲಿ ಮಾತಾಡುವಾಗ ನಿಮ್ಮ ಕಣ್ಣೆದುರು ಯಾರ ಮುಖ ಇತ್ತು?” ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಸರ್ ಮುಖ. ಆಮೇಲೆ ನನ್ನ ಸಂಶೋಧನಾ ಪ್ರಬಂಧವನ್ನು ತೂಗಿ ನೋಡಿ ವಾಪಸ್ ಕಳಿಸಿದ ರಿವ್ಯೂವರ್ ಒಬ್ಬರು, ಅವರ ಮುಖ ನಾನು ನೋಡಿಯೇ ಇಲ್ಲ.” ಇಬ್ಬರೂ ನಕ್ಕೆವು. ಎಳೆಯ ಸಂಶೋಧಕರಲ್ಲಿ ಇದನ್ನು ಮತ್ತೆ ಮತ್ತೆ ಕಾಣುತ್ತೇನೆ. ಆರೇಳು ವರ್ಷ ತಪ್ಪು ಹುಡುಕುವವರ ಎದುರು ಮಾತ್ರ ಮಾತಾಡಿ ಅಭ್ಯಾಸವಾದವರಿಗೆ ಎದುರಿಗಿರುವವರು ಅರ್ಥಮಾಡಿಕೊಳ್ಳಲು ಕೇಳುತ್ತಿದ್ದಾರೆ ಎಂಬುದೇ ಹೊಳೆಯುವುದಿಲ್ಲ. ಜನರ ಪ್ರಶ್ನೆಗೆ ಅವಳು ರಿವ್ಯೂವರಿಗೆ ಬೇಕಾದ ಉತ್ತರ ಕೊಟ್ಟಿದ್ದಳು.

ಆ ಚಿಹ್ನೆಯ ಅರ್ಥವೇನೆಂದು ಪ್ರೊಫೆಸರನ್ನು ಕೇಳಿದ್ದೀಯಾ ಎಂದರೆ, ಇಲ್ಲ. (ಅಷ್ಟರಲ್ಲಿ ‘ನೀನು ಅನ್ನಿ ಮೇಡಂ’ ಎಂದು ಅವಳೇ ಹೇಳಿದ್ದಳು.) ಮೂರು ವಾರ ಅದರ ಅರ್ಥವನ್ನು ತಾನೇ ಕಟ್ಟಿಕೊಂಡು ಕೂತಿದ್ದಳು. ಹೋಗಿ ಕೇಳು, ಅದೇ ಈ ವಾರದ ಮನೆಕೆಲಸ ಎಂದೆ. ಕೇಳಿದಳು. “ನೀನು ಹೇಳಿದ್ದನ್ನೇ ಬರೆದಿದ್ದಾರಾ ಅಂತ ಕೇಳಿದ್ದು” ಎಂದರಂತೆ. ಜೊತೆಗೆ, “ಪೇಪರಿನವರ ಸಹವಾಸ ಯಾಕೆ ಬೇಕಿತ್ತು?” ಎಂದೂ ಸೇರಿಸಿದರಂತೆ. ಅರ್ಧ ಸಮಾಧಾನ, ಅರ್ಧ ಹೊಸ ಗಾಯ.

ಮೂರನೇ ಭೇಟಿಯಲ್ಲಿ ನಾನು ಅವಳ ಅಪ್ಪಯ್ಯನ ಪಾತ್ರ ಮಾಡಿದೆ. ಮಲೆನಾಡಿನ ಅಡಿಕೆ ಬೆಳೆಗಾರರು, ಮನೆಯಲ್ಲಿ ಇವಳ ಕೆಲಸವನ್ನು ಒಂದು ದಿನವೂ ವಿವರವಾಗಿ ಕೇಳಿದವರಲ್ಲ. “ತೀವ್ರ ಮಳೆ ಘಟನೆಗಳ ಆವರ್ತನ” ಎಂದು ಶುರುಮಾಡಿದಳು. “ಅದೆಂತದೇ ಮಗಾ?” ಎಂದೆ. ತಡವರಿಸಿ, “ದಿನಕ್ಕೆ 150 ಮಿಲಿಮೀಟರ್ ಮೀರಿದ ಮಳೆ” ಎಂದಳು. ಅಪ್ಪಯ್ಯ ಮಿಲಿಮೀಟರಿನಲ್ಲಿ ಅಳೆಯುತ್ತಾರಾ? ತಟ್ಟನೆ ತಲೆ ಎತ್ತಿದಳು. “ಇಲ್ಲ, ಇಂಚು. ಅಂಗಳದಲ್ಲಿ ಮಳೆಮಾಪಕ ಇದೆ. ನಾನು ಹುಟ್ಟುವ ಮುಂಚಿನಿಂದ ಡೈರಿಯಲ್ಲಿ ಬರೆದಿಡ್ತಾರೆ.” ಆ ಡೈರಿಗಳನ್ನು ಇವಳು ಒಮ್ಮೆಯೂ ತೆರೆದು ನೋಡಿರಲಿಲ್ಲ!

ಅಲ್ಲಿಂದ ಲೆಕ್ಕ ತಾನೇ ಹಾಕಿದಳು. 150 ಮಿ.ಮೀ. ಎಂದರೆ ಆರು ಇಂಚು. ಒಂದು ಎಕರೆ ತೋಟದ ಮೇಲೆ ಒಂದೇ ದಿನ ಸುಮಾರು 6 ಲಕ್ಷ ಲೀಟರ್, ಆರು ಸಾವಿರ ಲೀಟರಿನ ನೂರು ಟ್ಯಾಂಕರ್. ಭೂವಿಜ್ಞಾನ ಸಚಿವಾಲಯದ 2020ರ ವರದಿಯ ಮಾತೂ ಬಂತು. 1951ರಿಂದ 2015ರವರೆಗೆ ದೇಶದ ಮುಂಗಾರು ಮಳೆ ಶೇ 6ರಷ್ಟು ಇಳಿದಿದೆ, ಪಶ್ಚಿಮ ಘಟ್ಟದಲ್ಲೂ ಇಳಿಕೆ ಎದ್ದು ಕಾಣುತ್ತದೆ. ಅದೇ ಹೊತ್ತಿಗೆ ಮಧ್ಯ ಭಾರತದಲ್ಲಿ 150 ಮಿ.ಮೀ. ಮೀರಿದ ಮಳೆಗಳು ಶೇ 75ರಷ್ಟು ಹೆಚ್ಚಿವೆ. “ಆ 75 ನಮ್ಮೂರಿನ ಲೆಕ್ಕ ಅಲ್ಲ ಮೇಡಂ, ಹಚ್ಚಬಾರದು” ಎಂದು ನನ್ನನ್ನೇ ಎಚ್ಚರಿಸಿದಳು. ಈ ಎಚ್ಚರ ಬಿಡಬೇಡ, ಆದರೆ ಅದನ್ನು ಮಾತಿನ ಮೊದಲಿಗೆ ಇಡಬೇಡ ಎಂದೆ. ಗೊತ್ತಿರುವುದು ಮೊದಲು, ಅದರ ಬೇಲಿ ಆಮೇಲೆ.

‘ಬಹುಶಃ’ ಎಂಬ ಪದದ ಮೇಲೆ ಅರ್ಧ ಗಂಟೆ ಹೋಯಿತು. ವಿಶ್ವಸಂಸ್ಥೆಯ ಹವಾಮಾನ ಸಮಿತಿಯಾದ ಐಪಿಸಿಸಿಯ ವರದಿಗಳಲ್ಲಿ ‘ಅತಿ ಸಂಭವನೀಯ’ ಎಂದರೆ ಶೇ 90ಕ್ಕಿಂತ ಹೆಚ್ಚು ಖಾತ್ರಿ. ಅದನ್ನೇ ಕನ್ನಡದಲ್ಲಿ ‘ಬಹುಶಃ’ ಎಂದರೆ ಕೇಳುವವರಿಗೆ ‘ಇವಳಿಗೂ ಗೊತ್ತಿಲ್ಲ’ ಎಂದೇ ಅರ್ಥ. ‘ಹತ್ತಕ್ಕೆ ಒಂಬತ್ತು ಪಾಲು’ ಎಂದು ಅವಳೇ ಹುಡುಕಿಕೊಂಡಳು.

ಕೊನೆಗೆ ಶಿರೂರಿನ ಪ್ರಶ್ನೆಗೆ ವಾಪಸ್ ಹೋದೆವು. ಅವಳು ಹೊಸದಾಗಿ ಬರೆದ ಉತ್ತರ ಹೀಗಿತ್ತು: ‘ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು, ಹಾಗಾಗಿ ಒಮ್ಮೆಲೇ ಸುರಿಯುವ ಮಳೆ ಇನ್ನೂ ಜೋರಾಗುತ್ತಿದೆ. ಬುಡ ಕಡಿದ ಗುಡ್ಡ ಅಂಥ ಮಳೆಯನ್ನು ತಾಳುವುದು ಕಷ್ಟ. ಈ ಗುಡ್ಡದ ಮಟ್ಟಿಗೆ ಯಾವುದರ ಪಾಲು ಎಷ್ಟೆಂದು ನಾನು ಲೆಕ್ಕ ಹಾಕಿಲ್ಲ.’ ಅದೇ ಜುಲೈ 30ರ ಕೇರಳದ ವಯನಾಡಿನ ಭೂಕುಸಿತಕ್ಕೆ ಅಂಥ ಲೆಕ್ಕ ಆಗಸ್ಟಿನಲ್ಲೇ ಬಂದಿತ್ತು, ಹವಾಮಾನ ಬದಲಾವಣೆಯಿಂದ ಮಳೆ ಸುಮಾರು ಶೇ 10ರಷ್ಟು ಜೋರಾಗಿತ್ತೆಂದು. ‘ಒಂದೇ ಘಟನೆಗೆ ಹೇಳಲಾಗದು’ ಎನ್ನುವುದು ಹಳೆಯ ರೂಢಿಯ ಮಾತು, ಭಯವಾದಾಗ ಬಾಯಿಗೆ ಅದೇ ಬಂತು ಎಂದು ಒಪ್ಪಿಕೊಂಡಳು.

ಉಳಿದವು ಸಣ್ಣ ಸಲಹೆಗಳು. ಕರೆ ಬಂದ ಕೂಡಲೇ ಉತ್ತರಿಸಬೇಕಾಗಿಲ್ಲ, ‘ಅರ್ಧ ಗಂಟೆ ಕೊಡಿ’ ಎನ್ನಬಹುದು. ಮೂರು ವಾಕ್ಯ ಬರೆದುಕೊಂಡು ಮಾತಾಡು, ‘ನನ್ನ ಮಾತಿನಷ್ಟನ್ನು ಓದಿ ಹೇಳ್ತೀರಾ’ ಎಂದು ಕೇಳು. ಕಾಮೆಂಟುಗಳನ್ನು ಒಂದು ವಾರ ಗೆಳತಿ ಓದಲಿ, ಉತ್ತರ ಕೊಡಬೇಕಾದ್ದಿದ್ದರೆ ಅವಳು ಹೇಳಲಿ. ಟಿವಿ ಸದ್ಯಕ್ಕೆ ಬೇಡವೆಂದರೆ ಬೇಡ.

ಟಿವಿಗೆ ಈಗಲೂ ಹೋಗುವುದಿಲ್ಲ. ಪ್ರೊಫೆಸರ ಜೊತೆಗಿನ ಬಿಗು ಪೂರ್ತಿ ಸಡಿಲವಾಗಿಲ್ಲ. ಮರುವರ್ಷ ಮೇ ತಿಂಗಳಲ್ಲಿ ಊರಿನ ಸೊಸೈಟಿ ಸಭೆಯಲ್ಲಿ ಇಪ್ಪತ್ತು ನಿಮಿಷ ಮಾತಾಡಿದಳು, ಕೈಯಲ್ಲಿ ಸ್ಲೈಡುಗಳ ಬದಲು ಅಪ್ಪಯ್ಯನ ಡೈರಿಗಳು. ‘ಒಂದು ಊರಿನ ಡೈರಿ ನೋಡಿ ಹವಾಮಾನದ ತೀರ್ಮಾನಕ್ಕೆ ಬರಬಾರದು’ ಎಂದೂ ಹೇಳಿದಳಂತೆ, ಬಿಡುತ್ತಾಳೆಯೇ! ರಾತ್ರಿ ನನಗೆ ಮೆಸೇಜ್ ಬಂತು: ‘ಈ ಸಲ ಅಡಿಕೆಯ ಕೊಳೆರೋಗಕ್ಕೆ ಮೊದಲ ಮದ್ದು ಯಾವಾಗ ಹೊಡೆಯೋದು ಅಂತ ಒಬ್ಬರು ಕೇಳಿದರು ಮೇಡಂ. ನನಗೆ ಗೊತ್ತಿಲ್ಲ ಅಂದೆ. ಹಿಂದಿನ ಸಾಲಿನಿಂದ ಅಪ್ಪಯ್ಯ ಎದ್ದು ಉತ್ತರ ಕೊಟ್ಟರು.’