‘ಅಲ್ಲಿ ಉಬ್ಬಿದೆ’ ಎಂಬ ಚಿಂತೆ: ಒಂದು ಆಪ್ತಸಲಹೆ ಪ್ರಕರಣ

ಬಂದವರು 29 ವರ್ಷದ ವಿವಾಹಿತೆ. ಗುರುತು ಹಿಡಿಯಬಹುದಾದ ವಿವರಗಳನ್ನೆಲ್ಲ ಬಿಟ್ಟಿದ್ದೇವೆ. ಗುಪ್ತಾಂಗದ ಮೇಲ್ಭಾಗ ಉಬ್ಬಿಕೊಂಡಿದೆ, ಬಿಗಿ ಬಟ್ಟೆ ಹಾಕಿದರೆ ಎದ್ದು ಕಾಣುತ್ತದೆ, ಲೈಪೊಸಕ್ಷನ್ (ಕೊಬ್ಬನ್ನು ಹೀರಿ ತೆಗೆಯುವ ಶಸ್ತ್ರಚಿಕಿತ್ಸೆ) ಮಾಡಿಸಿಬಿಡಬೇಕು ಎಂಬುದು ಅವರ ಮಾತು. ‘ಇಲ್ಲಿ ಎಲ್ಲರಿಗೂ ಇಷ್ಟು ದಪ್ಪ ಇರುತ್ತಾ?’ ಎಂದು ಗಂಡ ಒಮ್ಮೆ ಕೇಳಿದ್ದರಂತೆ. ಅಂದಿನಿಂದ ದೀಪ ಆರಿಸದೆ ಅವರ ಹತ್ತಿರ ಹೋಗಿಲ್ಲ. ಕೂದಲಿಲ್ಲದಿದ್ದರೆ ಚಪ್ಪಟೆ ಕಾಣಬಹುದೆಂದು ದಿನ ಬಿಟ್ಟು ದಿನ ರೇಜರ್ ಹಾಕುತ್ತಿದ್ದರು. ಚರ್ಮದ ತುಂಬ ಕೆಂಪು ಗುಳ್ಳೆಗಳು. ದಪ್ಪ ಕರಗಲೆಂದು ಬೆಳಿಗ್ಗೆ ಸಂಜೆ ಸಿಟ್‌ಅಪ್ ಬೇರೆ.

ಆಕಾರ, ಚರ್ಮ, ಗಂಡನ ಮಾತು ಎಲ್ಲವೂ ಒಂದೇ ಗಂಟಾಗಿ ಬಿಗಿದುಕೊಂಡಿದ್ದವು. ಇದರಲ್ಲಿ ಚಿಕಿತ್ಸೆ ಬೇಕಾದದ್ದು ಚರ್ಮಕ್ಕೆ ಮಾತ್ರ. ಅದನ್ನು ಹೇಳುವ ಮೊದಲು ಅಲ್ಲಿ ಇರುವುದೇನು ಎಂದು ತಿಳಿಸಬೇಕಿತ್ತು, ಏಕೆಂದರೆ ತಮ್ಮ ದೇಹದ ಈ ಭಾಗದ ಬಗ್ಗೆ ಯಾರೂ ಅವರಿಗೆ ಒಂದು ಮಾತೂ ಹೇಳಿರಲಿಲ್ಲ.

ಸೊಂಟದ ಎಡ ಬಲ ಪ್ಯೂಬಿಕ್ ಮೂಳೆಗಳು ಮುಂದೆ ಬಂದು ಮೃದ್ವಸ್ಥಿಯ ಮೂಲಕ ಕೂಡಿಕೊಳ್ಳುತ್ತವೆ. ಆ ಕೂಡುಜಾಗದ ಮೇಲೆ ಕೊಬ್ಬಿನ ಮೆತ್ತೆಯೊಂದು ಇರುತ್ತದೆ, ಅದೇ ಈ ದಿಬ್ಬ. ವೈದ್ಯರು ಮಾನ್ಸ್ ಪ್ಯೂಬಿಸ್ ಎನ್ನುತ್ತಾರೆ. ಗಂಡಸರಿಗೂ ಉಂಟು, ಅಷ್ಟು ಎದ್ದು ಕಾಣುವುದಿಲ್ಲ. ಹೆಣ್ಣುಮಕ್ಕಳಲ್ಲಿ ಪ್ರಾಯಕ್ಕೆ ಬರುವಾಗ ಈಸ್ಟ್ರೊಜೆನ್ ಹಾರ್ಮೋನಿನ ಪ್ರಭಾವದಿಂದ ಇಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ, ಆಂಡ್ರೊಜೆನ್ ಹಾರ್ಮೋನುಗಳಿಂದ ಕೂದಲು ಬರುತ್ತದೆ. ಮುಟ್ಟು ನಿಂತ ಮೇಲೆ ಎರಡೂ ಇಳಿಯುತ್ತವೆ. ಕೆಳಕ್ಕೆ ಇದು ಎರಡಾಗಿ ಸೀಳಿ ಯೋನಿಯ ಹೊರತುಟಿಗಳಾಗಿ ಮುಂದುವರಿಯುತ್ತದೆ. ಲೈಂಗಿಕ ಸಂಪರ್ಕದ ವೇಳೆ ಇಬ್ಬರ ಮೂಳೆಗೆ ಮೂಳೆ ತಾಗಿ ನೋವಾಗದಂತೆ ತಡೆಯುವುದು ಈ ಮೆತ್ತೆಯೇ. ನರಗಳು ಹೇರಳವಾಗಿರುವುದರಿಂದ ಸ್ಪರ್ಶಸುಖಕ್ಕೂ ಇದು ಮುಖ್ಯ, ಸುಖದ ಅಂಗವಾದ ಕ್ಲಿಟೋರಿಸ್‌ನ ಹೆಚ್ಚಿನ ಭಾಗವೂ ಹೊರಗೆ ಕಾಣದೆ ಇದರ ಕೆಳಬದಿಯಲ್ಲಿ, ಹೊರತುಟಿಗಳ ಒಳಗೆ ಅಡಗಿದೆ.

ಎಷ್ಟು ಉಬ್ಬಿರಬೇಕು ಎಂಬುದಕ್ಕೆ ಅಳತೆಯಿಲ್ಲ. ಮೂಳೆಯ ಬಾಗು, ಸೊಂಟದ ಓರೆ, ಮೈತೂಕ, ಮನೆತನ ಎಲ್ಲ ಸೇರಿ ಅದನ್ನು ತೀರ್ಮಾನಿಸುತ್ತವೆ. ತೆಳ್ಳಗಿರುವವರಲ್ಲೂ ಮೂಳೆ ಮುಂದಕ್ಕಿದ್ದರೆ ದಿಬ್ಬ ಎದ್ದು ಕಾಣುತ್ತದೆ, ಇವರದೂ ಹಾಗೆಯೇ. ಸಿಟ್‌ಅಪ್ ಹೊಟ್ಟೆಯ ಸ್ನಾಯುವನ್ನು ಗಟ್ಟಿ ಮಾಡುತ್ತದೆಯೇ ಹೊರತು ಬೇಕಾದ ಜಾಗದ ಕೊಬ್ಬನ್ನು ಆರಿಸಿ ಕರಗಿಸುವುದಿಲ್ಲ. ಮೂಳೆಯಂತೂ ಯಾವ ವ್ಯಾಯಾಮಕ್ಕೂ ಒಳಸರಿಯದು.

ಮನೆಯಲ್ಲಿ ಒಬ್ಬರೇ ಇರುವಾಗ ಮಾಡಲು ಒಂದು ಅಭ್ಯಾಸ ಕೊಟ್ಟೆವು. ಐದು ನಿಮಿಷ ಸಾಕು. ಮೊದಲು ಕನ್ನಡಿ ಮುಂದೆ ನಿಂತು, ಆಮೇಲೆ ಮಲಗಿ ಕೈಕನ್ನಡಿಯಲ್ಲಿ ನೋಡಬೇಕು. ಬೆರಳ ತುದಿಯಿಂದ ನಿಧಾನವಾಗಿ ಒತ್ತಿದರೆ ಮೆತ್ತಗಿನ ಪದರ, ಅದರ ಕೆಳಗೆ ಗಟ್ಟಿ ಮೂಳೆ ಸಿಗುತ್ತದೆ. ಕಂಡದ್ದನ್ನು ಬಣ್ಣ, ಮೃದುತ್ವ, ಬಿಸಿ ಎಂದಷ್ಟೇ ಹೇಳಿಕೊಳ್ಳಬೇಕು. ‘ಅಸಹ್ಯ’, ‘ದಪ್ಪ’ ಎಂಬ ತೀರ್ಪು ಬೇಡ. ಮಲಗಿದಾಗ ದಿಬ್ಬ ಅಗಲವಾಗಿ ತಗ್ಗುವುದನ್ನು ಅವರೇ ಕಂಡುಕೊಂಡರು. ಲೈಂಗಿಕ ವಿಡಿಯೊಗಳಲ್ಲಿ ಚಪ್ಪಟೆಯಾಗಿ ಕಾಣುವುದಕ್ಕೆ ಇದೂ ಒಂದು ಕಾರಣ. ಭಂಗಿ, ಬೆಳಕು, ಆರಿಸಿ ತಂದ ದೇಹಗಳು ಉಳಿದದ್ದನ್ನು ಮಾಡುತ್ತವೆ.

ದಿನಕ್ಕೆ ಎಷ್ಟು ಹೊತ್ತು ಇದೇ ಯೋಚನೆ ಎಂದೂ ಅವರನ್ನು ಕೇಳಿದೆವು. ಕೇಳಿದ್ದು ಸುಮ್ಮನೆ ಅಲ್ಲ. ಒಂದು ಗಂಟೆಗೂ ಮೀರಿ ಕಾಡುವುದು, ಪದೇ ಪದೇ ಕನ್ನಡಿ ನೋಡುವುದು, ಕೆಲಸಕ್ಕೆ ಹೋಗದಿರುವುದು ಕಂಡುಬಂದರೆ ದೇಹರೂಪದ ಗೀಳು ಇರಬಹುದು. ಆಗ ಮನೋವೈದ್ಯರೇ ನೋಡಬೇಕು, ಶಸ್ತ್ರಚಿಕಿತ್ಸೆಯಿಂದ ಆ ಗೀಳು ಸಾಮಾನ್ಯವಾಗಿ ಹೋಗುವುದಿಲ್ಲ. ಇವರಿಗೆ ಚಿಂತೆ ಏಳುತ್ತಿದ್ದುದು ಬಟ್ಟೆ ಹಾಕುವಾಗ ಮತ್ತು ರಾತ್ರಿ ಮಾತ್ರ.

ಲೈಪೊಸಕ್ಷನ್ ಬೇಡವೇ ಬೇಡ ಎನ್ನಲಿಲ್ಲ. ತೂಕ ಬಹಳ ಇಳಿದು ಚರ್ಮ ಜೋತುಬಿದ್ದವರಿಗೆ, ಸಿಸೇರಿಯನ್ ಗಾಯದ ಮೇಲೆ ಮಡಿಕೆ ಬಿದ್ದು ಒಳಗೆ ಒದ್ದೆ, ತುರಿಕೆ ಇರುವವರಿಗೆ ಶಸ್ತ್ರಚಿಕಿತ್ಸೆಯಿಂದ ನಿಜವಾದ ನೆಮ್ಮದಿ ಸಿಗಬಹುದು. ಆದರೆ ಈ ಜಾಗ ತಗ್ಗಿನಲ್ಲಿರುವುದರಿಂದ ಬಾವು ಬೇಗ ಇಳಿಯದು. ಮರಗಟ್ಟುವಿಕೆ, ಏರುಪೇರಾದ ಮೇಲ್ಮೈ ಉಳಿಯುವ ಸಾಧ್ಯತೆ ಇದೆ. ಆರು ತಿಂಗಳು ಯಾವ ತೀರ್ಮಾನವೂ ಬೇಡ ಎಂದೆವು.

‘ಮತ್ತೆ ಎಲ್ಲರೂ ನುಣುಪಾಗಿರಬೇಕು ಅಂತಾರಲ್ಲ?’ ಎಂದು ಕೇಳಿದರು. ಎಲ್ಲರೂ ಎಂದೂ ಹಾಗೆ ಅಂದಿಲ್ಲ. ಆಸ್ಟ್ರಿಯಾದ ವಿಲೆನ್‌ಡಾರ್ಫ್‌ನಲ್ಲಿ 1908ರಲ್ಲಿ ಸಿಕ್ಕ, 25 ಸಾವಿರ ವರ್ಷಕ್ಕೂ ಹಳೆಯ, ಸುಮಾರು 11 ಸೆಂ.ಮೀ. ಎತ್ತರದ ಕಲ್ಲಿನ ಹೆಣ್ಣುಮೂರ್ತಿಯ ಮುಖವನ್ನೇ ಕೆತ್ತಿಲ್ಲ, ಆದರೆ ಈ ದಿಬ್ಬವನ್ನು ತುಂಬಿ ಕೆತ್ತಿದ್ದಾರೆ. ಪ್ರಾಚೀನ ಗ್ರೀಕ್ ಶಿಲ್ಪಿಗಳು ಗಂಡಿನ ಮೂರ್ತಿಗೆ ಗುಹ್ಯರೋಮ ಕೆತ್ತಿ, ಹೆಣ್ಣಿನದನ್ನು ನುಣ್ಣಗೆ ಬಿಟ್ಟರು. ಯುರೋಪಿನ ಚಿತ್ರಕಲೆ ಶತಮಾನಗಟ್ಟಲೆ ಅದನ್ನೇ ಅನುಸರಿಸಿತು. 1917ರಲ್ಲಿ ಪ್ಯಾರಿಸ್‌ನಲ್ಲಿ ಇಟಲಿಯ ಚಿತ್ರಕಾರ ಮೊಡಿಲ್ಯಾನಿಯ ನಗ್ನಚಿತ್ರಗಳಲ್ಲಿ ಕೂದಲು ಕಂಡದ್ದಕ್ಕೇ ಪೊಲೀಸರು ಆಕ್ಷೇಪ ಎತ್ತಿದ್ದರು. ಇಸ್ಲಾಮಿನಲ್ಲಿ ಅಲ್ಲಿನ ಕೂದಲು ತೆಗೆಯುವುದು ಶುಚಿತ್ವದ ಭಾಗ. ನಿಷ್ಠಾವಂತ ಸಿಖ್ಖರಲ್ಲಿ ಮೈಯ ಯಾವ ಕೂದಲನ್ನೂ ಮುಟ್ಟುವಂತಿಲ್ಲ. ನಂಬಿಕೆಗಾಗಿ ತೆಗೆಯುವುದೂ ಬಿಡುವುದೂ ಅವರವರ ಹಕ್ಕು. ಹೆದರಿಕೊಂಡು ತೆಗೆಯುವುದು ನಮಗೆ ಚಿಂತೆಯ ವಿಷಯ.

ಗುಳ್ಳೆಗಳಿಗೆ ಕಾರಣ ಸರಳ. ಗುಂಗುರು ಕೂದಲನ್ನು ಬುಡಕ್ಕೇ ಕತ್ತರಿಸಿದರೆ ಚೂಪಾದ ತುದಿ ತಿರುಗಿ ಚರ್ಮದೊಳಗೇ ಹೊಗುತ್ತದೆ. ಕನಿಷ್ಠ ನಾಲ್ಕು ವಾರ ರೇಜರ್, ವ್ಯಾಕ್ಸ್, ಕ್ರೀಮ್ ಯಾವುದೂ ಬೇಡ; ದಿನಕ್ಕೆರಡು ಸಲ ಹತ್ತು ನಿಮಿಷ ಬೆಚ್ಚಗಿನ ಒದ್ದೆಬಟ್ಟೆ, ಸಡಿಲ ಹತ್ತಿ ಒಳಉಡುಪು, ಚಿವುಟುವುದಂತೂ ಕೂಡದು. ಆಮೇಲೂ ತೆಗೆಯಬೇಕೆನಿಸಿದರೆ ಟ್ರಿಮ್ಮರ್‌ನಲ್ಲಿ ಕೆಲವು ಮಿಲಿಮೀಟರ್ ಉಳಿಸಿ ಕತ್ತರಿಸಿದರೆ ಸಾಕು. ರೇಜರೇ ಬೇಕೆಂದರೆ ಐದು ನಿಮಿಷ ಬೆಚ್ಚಗಿನ ನೀರಿನಲ್ಲಿ ನೆನೆಸಿ, ಹೊಸ ಬ್ಲೇಡಿನಿಂದ, ಚರ್ಮ ಎಳೆದು ಹಿಡಿಯದೆ, ಕೂದಲು ಬೆಳೆದ ದಿಕ್ಕಿಗೆ ಒಂದೇ ಸಲ ಎಳೆಯಬೇಕು. ಪರಿಮಳದ ಲೋಷನ್ ಹಚ್ಚಬಾರದು. ಕೀವು ಜೊತೆಗೆ ಜ್ವರ, ಮತ್ತೆ ಮತ್ತೆ ಏಳುವ ನೋವಿನ ಕುರು, ಒಂದೇ ಬದಿಯ ಊತ, ಕೆಮ್ಮಿದಾಗ ದೊಡ್ಡದಾಗುವ ಗಂಟು, ಮಾಯದ ಹುಣ್ಣು, ತುರಿಸುವ ಬಿಳಿ ಮಚ್ಚೆ: ಇವುಗಳಲ್ಲಿ ಯಾವುದಿದ್ದರೂ ವೈದ್ಯರಲ್ಲಿಗೇ ಹೋಗಬೇಕು.

ಬಟ್ಟೆಯ ವಿಷಯದಲ್ಲಿ ಒಂದು ಮಾತು ಸಾಕಾಯಿತು. ಎರಡು ಕಾಲುಗಳ ನಡುವಿನ ಹೊಲಿಗೆ ಗಿಡ್ಡವಾಗಿದ್ದರೆ ಯಾರದಾದರೂ ಎದ್ದು ಕಾಣುತ್ತದೆ. ಒಂದು ಸೈಜ್ ದೊಡ್ಡದು ತೆಗೆದುಕೊಳ್ಳಿ.

ಗಂಡನೊಡನೆ ಮಾತಾಡುವುದೇ ಅವರಿಗೆ ಕಷ್ಟವಾದದ್ದು. ಹಾಸಿಗೆಯಲ್ಲಿ ಬೇಡ, ಜಗಳದ ನಡುವೆಯೂ ಬೇಡ, ಇಬ್ಬರೂ ಬಿಡುವಾಗಿರುವ ಹೊತ್ತು ನೋಡಿ ಎಂದೆವು. ಹೇಳಬೇಕಾದದ್ದನ್ನು ಅವರ ಬಾಯಲ್ಲೇ ಕೂಡಿಸಿಕೊಂಡೆವು: ‘ಆವತ್ತು ನೀವು ಕೇಳಿದ್ದು ನನಗೆ ತುಂಬ ನೋವಾಯಿತು. ಅಲ್ಲಿ ಹಾಗಿರುವುದು ಸಹಜ ಅಂತ ಈಗ ಗೊತ್ತಾಗಿದೆ. ಇನ್ನು ನನ್ನ ಮೈಯನ್ನು ಬೇರೆಯವರ ಜೊತೆ ಹೋಲಿಸಬೇಡಿ.’ ಮುಂದಿನ ಭೇಟಿಗೆ ಗಂಡನೂ ಬಂದರು. ತಿಳಿಯದೆ ಕೇಳಿದ್ದು, ಹೀಯಾಳಿಸಿದ್ದಲ್ಲ ಎಂದರು. ಅವರಿಗೂ ಅದೇ ಅಂಗರಚನೆಯ ಚಿತ್ರ ತೋರಿಸಿ ವಿವರಿಸಿದೆವು. ಗುಳ್ಳೆಗಳು ಬಹುಪಾಲು ಆರಿವೆ. ಕಪ್ಪು ಕಲೆ ಮಾಸಲು ಇನ್ನೂ ಕೆಲವು ತಿಂಗಳು ಬೇಕು, ಅದಕ್ಕೆಂದು ಯಾವ ಬ್ಲೀಚನ್ನೂ ಹಚ್ಚಬಾರದು ಎಂದು ತಿಳಿಸಿ, ಮೂರು ತಿಂಗಳ ನಂತರ ಮತ್ತೆ ಬರಲು ಹೇಳಿದ್ದೇವೆ.